ತಲೆಯ ಮೇಲಿನ ಖಣ

ನಮ್ಮ ಮಾವನವರ ಕಾರಿನ ಒಳಮಾಡಿನ ಬಟ್ಟೆ ಜೋತುಬಿದ್ದಾಗ ಮನೆಯಲ್ಲಿ ಬೈಸಿಕೊಳ್ಳದವರು ಯಾರೂ ಉಳಿಯಲಿಲ್ಲ. ಮಾವ ಮಳೆಗಾಲವನ್ನು ಬೈದರು, ಅಂಧೇರಿಯ ಹಸಿ ಗಾಳಿಯನ್ನು ಬೈದರು, ಗಾಡಿ ನಡೆಸುವ ನನ್ನ ಗಂಡನನ್ನು ಬೈದರು. ಹಿಂದಿನ ಸೀಟಿನಲ್ಲಿ ಕೂತು ತಲೆ ತಾಗಿಸಿದ್ದಕ್ಕೆ ನನ್ನನ್ನೂ ಬಿಡಲಿಲ್ಲ. ನಾನೇನು ತೆಂಗಿನಮರವೇ? ಬಟ್ಟೆಯೇ ಮೂಗಿನವರೆಗೆ ಇಳಿದು ಬಂದರೆ ತಲೆಯನ್ನು ಕಿತ್ತು ಮಡಿಲಲ್ಲಿ ಇಟ್ಟುಕೊಂಡು ಕೂರಲೇ?

ಮಾವ ಬಸವಂತಪ್ಪನವರು ಮಸೀದಿ ಬಂದರಿನಲ್ಲಿ ಒಬ್ಬ ಸೇಠರ ಕಾಳಿನ ಅಂಗಡಿಗೆ ಮುನೀಮರಾಗಿದ್ದವರು. ಸೇಠರು ಹೊಸ ಗಾಡಿ ತಂದಾಗ ಹಳೆಯ ವಿಲಾಯತಿ ಕಾರನ್ನು ಇವರ ಕೊರಳಿಗೆ ಕಟ್ಟಿದರು. ಚಾಳಿನ ಎರಡು ಖೋಲಿಯಲ್ಲಿ ಐದು ಜನ ಇರುವ, ಬೆಳಗಾದರೆ ನಲ್ಲಿಯ ಮುಂದೆ ಕೊಡ ಹಿಡಿದು ಸಾಲು ನಿಲ್ಲುವ ನಮಗೆ ಕಾರು! ಮಾವನಿಗೆ ನಡೆಸಲು ಬರುವುದಿಲ್ಲ. ನನ್ನ ಗಂಡ ಶಿವಪುತ್ರಪ್ಪ ರೈಲ್ವೆ ಕಚೇರಿಗೆ ಲೋಕಲ್ ಹಿಡಿದು ಹೋಗುವವರು, ರವಿವಾರ ಮಾತ್ರ ಗಾಡಿ ಮುಟ್ಟುತ್ತಿದ್ದರು. ಅತ್ತೆ ಮಲ್ಲವ್ವನಿಗೆ ಅದರಲ್ಲಿ ಕೂತರೆ ವಾಂತಿ. ಆದರೂ ಮಾವ ದಿನಾ ಬೆಳಿಗ್ಗೆ ಅದನ್ನು ಒರೆಸಿ, ಚಾಳಿನವರೆಲ್ಲ ನೋಡುವಂತೆ ಬಾಗಿಲು ತೆಗೆದು ಹಾಕಿ ಮಾಡುತ್ತಿದ್ದರು.

ಗಣಪತಿ ಕಳಿಸಿದ ಮರುದಿನ ಊಟಕ್ಕೆ ಕೂತಾಗ ಮಾವ ರೊಟ್ಟಿ ಮುರಿಯುತ್ತ ಹೇಳಿದರು: "ನೀಲಗಂಗವ್ವ ಬರಾಕತ್ತಾಳ. ಕಣ್ಣಾಗ ಪೊರಿ ಬಂದೈತಂತ. ದಸರಾ ಮುಗಿಸಿಕೊಂಡು ಬಂದು ಇಲ್ಲಿ ಡಾಕ್ಟರಗ ತೋರಸ್ತಾಳಂತ. ನಮ್ಮ ಮನ್ಯಾಗ ಇಳಕೋತಾಳ."

ಪುಂಡಿಪಲ್ಯ ಬಡಿಸುತ್ತಿದ್ದ ಕಾಶವ್ವನ ಕೈ ನಿಂತಿತು. ನೀಲಗಂಗವ್ವ ಅವಳ ಅತ್ತೆ.

ಕಾಶವ್ವ ನನ್ನ ನಾದಿನಿ. ಗುಳೇದಗುಡ್ಡದ ಮಗ್ಗದ ಮನೆಗೆ ಕೊಟ್ಟಿತ್ತು. ಚೊಚ್ಚಿಲ ಬಾಣಂತನಕ್ಕೆಂದು ತವರಿಗೆ ಬಂದಳು. ಕೂಸು ಉಳಿಯಲಿಲ್ಲ. ಅಂದಿನಿಂದ ಇಲ್ಲೇ ಇದ್ದಾಳೆ, ವರ್ಷ ದಾಟಿತು. ಬಾಣಂತನಕ್ಕೆ ಬಂದ ಮಗಳನ್ನು ಗಂಡನ ಮನೆಯವರೇ ಬಂದು ಕರೆದೊಯ್ಯಬೇಕು, ಅದು ನಮ್ಮಲ್ಲಿ ರಿವಾಜು. ಕರೆಯಲು ಯಾರೂ ಬರಲಿಲ್ಲ. ಅವಳ ಗಂಡ ಶಂಕ್ರೆಪ್ಪ ಹಬ್ಬಕ್ಕೊಂದು ಕಾರ್ಡು ಹಾಕಿ "ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ" ಎಂದು ಬರೆಯುತ್ತಿದ್ದ. ಕೈ ಹಿಡಿದ ಹೆಂಡತಿಯನ್ನು ಎಲ್ಲರೊಳಗೆ ಸೇರಿಸಿ ಕ್ಷೇಮ ಕೇಳುವ ಆ ಗಂಡಸಿಗೆ ಏನನ್ನಬೇಕು! ನೀವಾಗಿ ಹೋಗಿ ಬಿಟ್ಟು ಬನ್ನಿ ಎಂದು ನಾನು ಎಷ್ಟು ಸಲ ಹೇಳಿದೆ. "ಕರೀದ ಮನೀಗಿ ಮಗಳನ್ನ ದೂಡಿ ಬರಾಕ ನಾವೇನು ದಿಕ್ಕಿಲ್ಲದವರೇನ?" ಎಂದು ಮಾವ ಪ್ರತಿ ಸಲವೂ ನನ್ನ ಬಾಯಿ ಮುಚ್ಚಿಸಿದರು.

"ಬೀಗತಿನ್ನ ದಾದರ್ ಸ್ಟೇಶನ್ನಿಂದ ಗಾಡ್ಯಾಗ ಕರಕೊಂಡು ಬರಬೇಕು," ಎಂದರು ಮಾವ. "ಈ ಜೋತಬಿದ್ದ ಅರಿವಿ ಆಕಿ ತಲಿಗೆ ತಾಗಿದ್ರ ನನ್ನ ಮಾನ ಏನಾದೀತು?"

"ಆಕೀಗಿ ಕಣ್ಣ ಕಾಣಂಗಿಲ್ಲ ಅಂತೀರಿ," ಎಂದೆ.

"ಕಣ್ಣು ಕಾಣದಿದ್ರ ತಲಿಗೂ ತಿಳಿಯಂಗಿಲ್ಲೇನ, ಚನ್ನವ್ವ?"

"ಗಾಡಿ ಇರಲಿ ಮಾವ. ಕಾಶವ್ವನ್ನ ಕರಕೊಂಡು ಹೋಗ್ತಾರೋ ಇಲ್ಲೋ, ಅದನ್ನ ಕೇಳೋರು ಯಾರು?"

ಅತ್ತೆ ಮಾವನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದರು.

ರವಿವಾರ ಗಾಡಿಯನ್ನು ಸ್ಟೇಶನ್ ಹತ್ತಿರದ ಕುಶನ್ ಹೊಲಿಯುವವನ ಬಳಿ ಒಯ್ದರು. ಅವನು ಒಳಗೆ ತಲೆ ಹಾಕಿ ನೋಡಿದ. ಸುತ್ತಲಿನ ಮರದ ಪಟ್ಟಿಗೆ ಸಣ್ಣ ಮೊಳೆ ಹೊಡೆದು, ನಡುವೆ ಅಡ್ಡ ತಂತಿಗಳಿಗೆ ಪೋಣಿಸಿದ ಬಟ್ಟೆ ಅದು. ಅಂಚೆಲ್ಲ ಮಳೆಗೆ ಕೊಳೆತಿದೆ, ಪೂರಾ ಇಳಿಸಿ, ಅದೇ ಅಳತೆಗೆ ಹೊಸದು ಹೊಲಿದು, ನಡುವಿನಿಂದ ಎರಡೂ ಕಡೆಗೆ ಎಳೆಯುತ್ತ ಮೊಳೆ ಹೊಡೆಯಬೇಕು ಎಂದ. ಗಾಡಿಯನ್ನು ದಿವಾಳಿಯವರೆಗೆ ಬಿಟ್ಟು ಹೋಗಿ ಎಂದ.

"ದಿವಾಳಿತನಾ? ಬೀಗತಿ ದಸರಾ ಮುಗಿದ ಕೂಡಲೇ ಬರ್ತಾಳ!" ಎಂದು ಮಾವ ಅವನ ಮೇಲೂ ಸಿಟ್ಟಾಗಿ, ಮಗನಿಂದ ಗಾಡಿ ತಿರುಗಿಸಿಕೊಂಡು ಬಂದರು.

ಆಮೇಲೆ ಶುರುವಾಯಿತು ಮನೆಯ ಇಂಜಿನಿಯರಿಕೆ. ನನ್ನ ಗಂಡ ಮನೆಯಲ್ಲಿದ್ದ ಪಿನ್ನುಗಳನ್ನೆಲ್ಲ ಬಟ್ಟೆಗೆ ಚುಚ್ಚಿದರು. ಗಾಡಿ ಒಂದು ಗುಂಡಿ ಹಾರಿದ್ದೇ ತಡ, ಅದರಲ್ಲೊಂದು ಬಿಚ್ಚಿಕೊಂಡು ಮಾವನ ಟೊಪ್ಪಿಗೆಗೆ ಸಿಕ್ಕಿತು. ಇಳಿಯುವಾಗ ಟೊಪ್ಪಿಗೆ ಗಾಡಿಯಲ್ಲೇ ನೇತಾಡುತ್ತಿತ್ತು.

"ನಿನ್ನ ಕೈಯಾಗಿಂದು ಒಂದ ಕೆಲಸ ನೆಟ್ಟಗಾಗಂಗಿಲ್ಲ," ಎಂದರು ಮಾವ.

"ಹಂಗಾರ ನೀವ ಮಾಡ್ರಿ ಅಪ್ಪಾ," ಎಂದರು ಇವರು.

ಅನ್ನಬಾರದಿತ್ತು. ಮಾವ ಮಾಡಿದರು. ಗೋಡೆಗೆ ಜಾಹೀರಾತು ಅಂಟಿಸುವವರು ಹಿಟ್ಟಿನ ಅಂಟು ಬಳಿಯುವುದನ್ನು ನೋಡಿದ್ದರಂತೆ. ನಾನು ನಲ್ಲಿಗೆ ಹೋಗಿದ್ದಾಗ ರೇಶನ್ನಿನ ಗೋಧಿ ಹಿಟ್ಟನ್ನೆಲ್ಲ ಕುದಿಸಿ, ಹೋಳಿಗೆಯ ಪಾತ್ರೆಯಲ್ಲಿ ಅಂಟು ಮಾಡಿ, ಗಾಡಿಯ ಬಟ್ಟೆಗೆ ಬಳಿದು, ತಗಡಿಗೆ ಒತ್ತಿ ಹಿಡಿದು ನಿಂತರು. ಕೈ ಬಿಟ್ಟ ಕೂಡಲೇ ಒದ್ದೆಯಾಗಿ ಭಾರವಾದ ಬಟ್ಟೆ ಮೊದಲಿಗಿಂತ ಕೆಳಗೆ ಬಂತು. ಅವರ ಮೀಸೆ, ಕೋಟು, ಸೀಟು, ಎಲ್ಲದಕ್ಕೂ ಅಂಟು. ಮರುದಿನ ಇರುವೆ ಬಂದವು. ಅದರ ಮರುದಿನ ಹುಳಿ ವಾಸನೆ ಬಂತು.

"ಹಬ್ಬಕ್ಕಂತ ಇಟ್ಟಿದ್ದ ಹಿಟ್ಟರಿ ಅದು!" ಎಂದು ಅತ್ತೆ ಹಣೆ ಹಣೆ ಬಡಿದುಕೊಂಡರು. "ಬೀಗತಿ ಬಂದ್ರ ಹೋಳಿಗಿ ಯಾತರಾಗ ಮಾಡ್ಲಿ? ಗಾಡಿ ಕೆರದು ಮಾಡ್ಲೇನ?"

"ಜ್ವಾಳ ಐತಲ್ಲ."

"ಬೀಗತಿಗೆ ಜ್ವಾಳದ ಹೋಳಿಗಿ ಮಾಡಿ ಹಾಕ್ತೀನಿ, ಊರ ತುಂಬ ಹೇಳಕೋತ ಹೋಗ್ತಾಳ!"

ನನಗೆ ತಲೆ ಕೆಟ್ಟುಹೋಯಿತು. ಎದ್ದು ಹೋಗಿ, ಆ ನಾರುವ ಬಟ್ಟೆಯನ್ನು ಅಂಚಿನಿಂದ ಕಿತ್ತು, ತಂತಿಗಳಿಂದ ಬಿಡಿಸಿ, ಅಂಗಳದಲ್ಲಿ ಹಾಸಿದೆ. "ಕುಶನ್‌ನವ ಹೇಳಿದ್ದು ಎಲ್ಲಾರೂ ಕೇಳೀರಲ್ಲ, ಇದ ಅಳತಿ. ಹೊಸಾದು ನಾ ಹೊಲೀತೀನಿ. ಅರಿವಿ ಕೊಡ್ರಿ, ಮತ್ತ ಯಾರೂ ಗಾಡಿ ಹತ್ರ ಬರಬ್ಯಾಡ್ರಿ."

ಅರಿವೆ ಎಲ್ಲಿಂದ ತರುವುದು? ನನ್ನ ಹಳೆಯ ಇಳಕಲ್ ಸೀರೆ ಎರಡು ಇದ್ದವು, ಕೌದಿಗೆಂದು ಇಟ್ಟಿದ್ದೆ. ಅತ್ತೆ ಕೇಳಿದ್ದೇ ಉರಿದುಬಿದ್ದರು.

"ಹೆಣಮಕ್ಕಳು ಉಟ್ಟ ಸೀರಿ ಗಂಡಸರ ತಲಿ ಮ್ಯಾಲೆ ಕಟ್ಟತಿ? ನಿನಗೇನರ ಬುದ್ಧಿ ಐತೇನ?"

"ಮತ್ತ ಉಡದಿರೋ ಅರಿವಿ ಎಲ್ಲಿಂದ ತರಲಿ ಅತ್ತಿ?"

ಅತ್ತೆ ಎದ್ದು ಮಂಚದ ಕೆಳಗಿನ ಟ್ರಂಕನ್ನು ಎಳೆದರು. ಒಳಗೆ ಖಣಗಳು! ಮದುವೆ, ಮುಂಜಿ, ಬಸುರಿಗೆ ಮಾಡುವ ಕುಬಸ, ತೊಟ್ಟಿಲು ಎಂದು ಹೋದಲ್ಲೆಲ್ಲ ಉಡಿ ತುಂಬಿಸಿಕೊಂಡು ಬಂದ ರವಿಕೆ ಬಟ್ಟೆಗಳು. ನಮ್ಮ ಕಡೆಯ ಯಾವ ಮನೆಯಲ್ಲೂ ಇವನ್ನು ಯಾರೂ ಹೊಲಿಸುವುದಿಲ್ಲ. ಅವರು ಕೊಟ್ಟದ್ದನ್ನು ಇವರ ಉಡಿಗೆ, ಇವರು ಕೊಟ್ಟದ್ದನ್ನು ಮತ್ತೊಬ್ಬರ ಉಡಿಗೆ ದಾಟಿಸುವುದು. ನನ್ನ ಮದುವೆಯಲ್ಲಿ ನಾನು ತಂದ ನೀಲಿ ಖಣವೊಂದು ಊರೂರು ಸುತ್ತಿ ನನ್ನ ಉಡಿಗೇ ವಾಪಸು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

"ಇವು ಒಬ್ಬರ ಮೈಗೂ ತಾಗಿಲ್ಲ. ಮಡಿ," ಎಂದರು ಅತ್ತೆ. ಒಂದೊಂದನ್ನೇ ಎತ್ತಿ ವಿಚಾರಣೆ ನಡೆಸಿದರು. "ಇದು ಬಾದಾಮಿ ಗೌರವ್ವಂದು. ಆಕಿ ಮುಂಬಯಿಗೆ ಬರಂಗಿಲ್ಲ, ಹಾಕು. ಇದು ಬೊರಿವಲಿ ತಂಗೆವ್ವಂದು. ಬ್ಯಾಡ, ವಾರಕ್ಕೊಮ್ಮೆ ಬರ್ತಾಳ, ಗಾಡ್ಯಾಗ ಕುಂತು ಮ್ಯಾಲೆ ನೋಡಿದ್ರ ಮುಗೀತು. ಇದು ಸವದತ್ತಿ ಮುದುಕಿದು. ಸತ್ತಾಳ, ಹಾಕು."

ಪಕ್ಕದ ಖೋಲಿಯ ಶೀಲಾವತಿ ಹೊಲಿಗೆ ಮಿಶಿನ್ ಕೊಟ್ಟಳು. ಉಡುಪಿ ಕಡೆಯವಳು. ಅವಳ ಗಂಡ ಕೊರಗಪ್ಪ ಸ್ಟೇಶನ್ ಎದುರಿನ ಹೋಟೆಲಿನಲ್ಲಿ ಮೆನೇಜರು. ಹಾಸಿದ ಖಣಗಳನ್ನು ನೋಡಿ ಅವಳು ಕೆನ್ನೆಗೆ ಕೈ ಹಚ್ಚಿದಳು.

"ಎಂತ ಚನ್ನವ್ವ ಇದು? ಕಾರಿಗೆ ರವಿಕೆ ಹೊಲಿಯುದಾ?"

"ನಮ್ಮ ಮನ್ಯಾಗ ಕಾರಿಗೂ ಕುಬಸ ಮಾಡ್ತೀವ್ರಿ," ಎಂದೆ. ಬಹಳ ದಿನಗಳ ಮೇಲೆ ಕಾಶವ್ವನ ತುಟಿ ಸ್ವಲ್ಪ ಅಲುಗಿತು.

ಅವಳೂ ಹೊಲಿಗೆಗೆ ಕೂತಳು. ಮಧ್ಯಾಹ್ನ ಪಾತ್ರೆ ತೊಳೆದು, ಕಾಳು ಆರಿಸಿ ಆದ ಮೇಲೆ ನಾನು ಮಿಶಿನ್ ತಿರುಗಿಸುವುದು, ಅವಳು ಖಣಕ್ಕೆ ಖಣ ಜೋಡಿಸಿ ಹಿಡಿಯುವುದು. ಬೆನ್ನಿನ ಕಡೆಗೆ ತಂತಿ ಪೋಣಿಸಲು ಉದ್ದಕ್ಕೆ ಕೊಳವೆಯ ಹಾಗೆ ಪಟ್ಟಿ ಹೊಲಿದೆವು. ಎರಡು ಸಲ ಅಳತೆ ತಪ್ಪಿತು, ಎರಡು ಸಲವೂ ಬಿಚ್ಚಿದೆವು. ಮಾವ ದಿನಕ್ಕೆ ನಾಲ್ಕು ಸಲ ಬಂದು "ಆತೇನ? ಆತೇನ?" ಎಂದು ಕೇಳಿ ನನ್ನ ಜೀವ ತಿಂದರು.

ಒಂದು ದಿನ ನಾನೇ ಕೇಳಿಬಿಟ್ಟೆ. "ಕಾಶಿ, ನಿನ್ನ ಅತ್ತಿ ಬರ್ತಾಳ. ನಿನಗ ಹೋಗೂ ಮನಸೈತೋ ಇಲ್ಲೋ? ಅದನ್ನರ ಹೇಳು."

"ಐತಿ ವೈನಿ," ಎಂದಳು, ದಾರ ಕಚ್ಚಿ ಕಡಿಯುತ್ತ. "ಅವರು ಒಳ್ಳೆಯವರದಾರ. ಆದ್ರ ಕೂಸು ಹೋದ ಮ್ಯಾಲೆ ಒಬ್ಬರೂ ಬಂದು ನನ್ನ ಮಾರಿ ನೋಡಲಿಲ್ಲ. ನಾನೇನು ಬೇಕಂತ ಕಳಕೊಂಡೆನೇನ ಆ ಕೂಸನ್ನ?"

ನಾನು ಮಿಶಿನ್ ನಿಲ್ಲಿಸಿದೆ. "ಹಂಗಂತ ಆಕೀಗಿ ಹೇಳು."

"ನಾನ ಬಾಯಿ ತಗದ್ರ ಅಪ್ಪ ಸಿಟ್ಟಾಗ್ತಾನ. ಅವ್ವ ಅಳತಾಳ. ಅಣ್ಣ ಗಾಡಿ ಒರಸಾಕ ಹೋಗ್ತಾನ."

ಸುಳ್ಳಲ್ಲ. ನಮ್ಮ ಮನೆಯಲ್ಲಿ ಇರುವವರೇ ಹಾಗೆ.

ಕೊನೆಗೆ ಬಲಗಡೆಯ ಹಿಂದಿನ ಮೂಲೆಗೆ ಒಂದು ತುಂಡು ಕಡಿಮೆ ಬಿತ್ತು. ಅತ್ತೆಯ ಟ್ರಂಕಿನಲ್ಲಿ ಉಳಿದವೆಲ್ಲ ಮುಂಬಯಿಯಲ್ಲೇ ಇರುವವರು ಕೊಟ್ಟವು. "ನನ್ನ ಹತ್ರ ಒಂದೈತಿ," ಎಂದು ಕಾಶವ್ವ ತನ್ನ ಗಂಟಿನಿಂದ ಒಂದು ಖಣ ತಂದಳು. ಗಿಳಿ ಹಸಿರು, ಕೆಂಪು ದಡಿ. ಉಳಿದವುಗಳಿಗಿಂತ ನುಣುಪಾಗಿತ್ತು. ಯಾರದ್ದೆಂದು ಕೇಳುವಷ್ಟರಲ್ಲಿ ಹಾಲು ಉಕ್ಕಿತು, ನಾನು ಓಡಿದೆ. ಬರುವಷ್ಟರಲ್ಲಿ ಅವಳೇ ಅದನ್ನು ಕೈಯಿಂದ ಹೊಲಿದಿದ್ದಳು.

ಮೊಳೆ ಹೊಡೆಯುವ ಕೆಲಸ ಮಾತ್ರ ನನ್ನ ಗಂಡನದು. ನಾನು ಹಿಂದೆ ನಿಂತು ನಡುವಿನಿಂದ ಎಳೆಸುತ್ತ, ಹೆಬ್ಬೆರಳು ಜಜ್ಜಿಕೊಂಡಾಗ ಬೈಯುತ್ತ ಮಾಡಿಸಿದೆ. ಆದ ಮೇಲೆ ನೋಡಿದರೆ ನಮಗೇ ನಂಬಿಕೆಯಾಗಲಿಲ್ಲ. ಮದುವೆಯ ಹಂದರದ ಹಾಗೆ ಕಾಣುತ್ತಿತ್ತು. ಚಾಳಿನವರೆಲ್ಲ ಬಂದು ಇಣುಕಿ ಹೋದರು. ಅತ್ತೆ ದೂರದಲ್ಲೇ ನಿಂತು, ವಾಂತಿಯ ಭಯಕ್ಕೆ ಒಳಗೆ ತಲೆ ಹಾಕದೆ, "ಛಲೋ ಆಗೈತಿ" ಎಂದರು. ಮಾವನಂತೂ ತಾವೇ ಹೊಲಿದವರ ಹಾಗೆ ತಿರುಗಿದರು.

ನೀಲಗಂಗವ್ವ ಊರಿನ ಖಣದ ವ್ಯಾಪಾರಿಗಳ ಸಂಗಡ ಬಂದು ದಾದರಿನಲ್ಲಿ ಇಳಿದರು. ಇಳಕಲ್ ಸೆರಗು ಹೊದ್ದ, ಸೊರಗಿದ ಹೆಂಗಸು. ಕಾಶವ್ವ ಕಾಲಿಗೆ ಬಿದ್ದಾಗ "ಯಾರು? ಕಾಶೀನ?" ಎಂದು ಅವಳ ತಲೆಯ ಮೇಲೆ ಕೈ ಇಟ್ಟರು, ಅಷ್ಟೇ. ಮಾವ ವ್ಯಾಪಾರಿಗಳಿಗೆ ಕೈ ಮುಗಿದರು, ಗಂಟು ಎತ್ತಿಸಿದರು, ಮಳೆ ಬೆಳೆ ಕೇಳಿದರು. ಕೇಳಬೇಕಾದದ್ದು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ನನಗೆ ಮೈಯೆಲ್ಲ ಉರಿ.

ಮುಂದೆ ನನ್ನ ಗಂಡ ಮತ್ತು ಮಾವ, ಹಿಂದೆ ನಾವು ಮೂವರು. ಬೀಗತಿಯನ್ನು ಬಲಗಡೆ ಕೂರಿಸಿದವಳು ಕಾಶವ್ವನೇ. ಮಾಹಿಮ್ ದಾಟುವಾಗ ಗಾಡಿ ಕುಲುಕಿತು. ನೀಲಗಂಗವ್ವ ಆಸರೆಗೆಂದು ಕೈ ಮೇಲೆತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಬೆರಳುಗಳು ಬಟ್ಟೆಯ ಮೇಲೆ ಮೆಲ್ಲಗೆ ಆಡಿದವು.

"ಇದು ಖಣ ಐತಲ್ಲ, ಬೀಗರ?"

"ಹೌದ್ರಿ!" ಮಾವ ಉಬ್ಬಿಹೋದರು. "ನಿಮ್ಮ ಗುಳೇದಗುಡ್ಡದ್ದ! ಪೂರಾ ಗಾಡಿಗಿ ಹಾಕಿಸೀನಿ. ಮುಂಬಯ್ಯಾಗ ಯಾವ ಸೇಠನ ಗಾಡ್ಯಾಗೂ ಇಲ್ಲ!"

"ಇದು ನಮ್ಮ ಮಗ್ಗದ್ದು." ಅವರ ದನಿ ತಗ್ಗಿತು. "ಮಾರಾಕ ನೇಸಿದ್ದಲ್ಲ. ಅಚ್ಚ ರೇಷ್ಮಿ ಹಾಕಿಸಿ ಒಂದ ನೇಸಿದ್ದೆ. ಕಾಶಿನ್ನ ಬಾಣಂತನಕ್ಕ ಕಳಸುವಾಗ ಆಕಿ ಉಡಿಯಾಗ ಹಾಕಿದ್ದೆ. ನಾ ಉಡಿ ತುಂಬಿದ್ದನ್ನ ಗಾಡಿ ಮಾಡಿಗೆ ಬಡದೀರೇನ್ರಿ ಬೀಗರ?"

ನನ್ನ ಗಂಡ ಗಾಡಿಯನ್ನು ಗಕ್ಕನೆ ರಸ್ತೆಯ ಬದಿಗೆ ನಿಲ್ಲಿಸಿದರು. ಹಿಂದಿನ ಬಸ್ಸಿನವನು ಹಾರ್ನು ಹೊಡೆದು ಬೈದು ಹೋದ. ಮಾವ ನನ್ನ ಕಡೆ ತಿರುಗಿದರು. "ಚನ್ನವ್ವ! ಇದೇನ ಮಾಡಿಟ್ಟಿ?"

"ವೈನಿ ಅಲ್ಲ ಅಪ್ಪಾ. ನಾನ ಹೊಲದೀನಿ," ಎಂದಳು ಕಾಶವ್ವ. "ಗೊತ್ತಿದ್ದ ಹೊಲದೀನಿ."

"ಬಾಯಿ ಮುಚ್ಚು ನೀ!"

"ಮುಚ್ಚಂಗಿಲ್ಲ. ಒಂದು ವರಷ ಮುಚ್ಚೀನಿ." ಅವಳು ನೀಲಗಂಗವ್ವನ ಕಡೆಗೆ ತಿರುಗಿದಳು. "ಅತ್ತಿ, ಅದನ್ನ ಕೊಟ್ಟಾಗ ಏನಂದಿದ್ರಿ ನೀವು? ಇದರ ಕುಬಸ ಹೊಲಿಸಿಕೊಂಡು, ತೊಟಗೊಂಡು, ಕೂಸಿನ್ನ ಎತಗೊಂಡು ಬಾ, ಕರಿಯಾಕ ಬರ್ತೀವಿ ಅಂದಿದ್ರಿ. ಕೂಸು ಉಳೀಲಿಲ್ಲ. ಕೂಸಿಲ್ಲದ ನಾನು ಮನೀಗಿ ಬ್ಯಾಡಾದೆನೇನ್ರಿ? ಈಗ ನನ್ನ ಕರಿಯಾಕ ಬಂದೀರೋ, ಬರೇ ಕಣ್ಣು ತೋರಸಾಕ ಬಂದೀರೋ, ಮೊದಲ ಅದನ್ನ ಹೇಳ್ರಿ."

ನೀಲಗಂಗವ್ವನ ಕೈ ಇನ್ನೂ ಮೇಲೇ ಇತ್ತು.

"ಕಣ್ಣು ತೋರಸಾಕ ಬಂದೀನಿ," ಎಂದರು ಕೊನೆಗೆ. ಸುಳ್ಳು ಹೇಳಲಿಲ್ಲ, ಅದಕ್ಕೊಂದು ಮರ್ಯಾದೆ ಕೊಡಬೇಕು.

"ಹಂಗಾರ ತೋರಸ್ರಿ," ಎಂದಳು ಕಾಶವ್ವ. "ಖಣ ಅಲ್ಲೇ ಇರಲಿ. ಅಣ್ಣಾ, ಗಾಡಿ ಬಿಡು."

ಮನೆಯಲ್ಲಿ ಅತ್ತೆ ಯಾರ್ಯಾರಿಂದಲೋ ಹಿಟ್ಟು ತಂದು ಹೋಳಿಗೆ ಮಾಡಿದ್ದರು. ಯಾರೂ ಎರಡನೆಯದನ್ನು ಕೇಳಲಿಲ್ಲ. ವಿಷಯ ಗೊತ್ತಾಗಿ ಅತ್ತೆ ಒಲೆಯ ಮುಂದೆ ಅತ್ತರು, ಮಾವ ಅಂಗಳದಲ್ಲಿ ಗುಡುಗಿದರು, ನನ್ನ ಗಂಡ ನಿಜವಾಗಿಯೂ ಬಟ್ಟೆ ತೆಗೆದುಕೊಂಡು ಗಾಡಿ ಒರೆಸಲು ಹೋದರು. ನನ್ನ ಗಂಡ ರಜೆ ಹಾಕಿ ಡಾಕ್ಟರರ ಮನೆಗೆ ಕರೆದೊಯ್ದ ದಿನಗಳಲ್ಲೆಲ್ಲ ಬೀಗತಿ ಅದೇ ಮೂಲೆಯಲ್ಲಿ ಕೂರುತ್ತಿದ್ದರು. ಬೇರೆ ಕಡೆ ಕೂರಿರೆಂದರೂ ಕೇಳುತ್ತಿರಲಿಲ್ಲ. ದಾರಿಯುದ್ದಕ್ಕೂ ಒಂದು ಕೈ ಖಣದ ಮೇಲೆ.

ಪೊರೆ ಇನ್ನೂ ಹಣ್ಣಾಗಿಲ್ಲ, ಚಳಿಗಾಲ ಕಳೆದು ಬನ್ನಿ ಎಂದರು ಡಾಕ್ಟರು. ಹೊರಡುವ ದಿನ ಸ್ಟೇಶನ್ನಿನ ಮುಂದೆ ಗಾಡಿಯಿಂದ ಇಳಿಯುವ ಮೊದಲು ನೀಲಗಂಗವ್ವ ಕಾಶವ್ವನ ಕೈ ಹುಡುಕಿ ಹಿಡಿದರು.

"ಮಾರಿ ತೋರಸಾಕ ನನಗ ಧೈರ್ಯ ಆಗಲಿಲ್ಲವ್ವ. ಕೂಸು ಹೋದ ಮನೀಗಿ ಏನಂತ ಬರಲಿ, ಏನಂತ ಮಾತಾಡ್ಲಿ ಅಂತ ಇವತ್ತು ನಾಳೆ ಮಾಡಿದೆ. ತಪ್ಪು ನನ್ನದು. ದಿವಾಳಿಗೆ ಶಂಕ್ರೆಪ್ಪನ್ನ ಕಳಸ್ತೀನಿ ಕರಿಯಾಕ. ಇದನ್ನ ಬಿಚ್ಚಿ ಕುಬಸ ಹೊಲಿಸ್ಕೋ."

ಮಾವನ ಕಣ್ಣು ತುಂಬಿತು. "ಬಿಚ್ಚು ಕಾಶಿ, ಈಗ ಬಿಚ್ಚು!" ಎಂದರು.

"ಬರಲಿ," ಎಂದಳು ಕಾಶವ್ವ. "ಅವರು ಬಂದ ಮ್ಯಾಲೆ ಬಿಚ್ಚತೀನಿ."

ಆಮೇಲಿನ ದಿನಗಳನ್ನು ಹೇಗೆ ನೂಕಿದೆವೋ ಶಿವನೇ ಬಲ್ಲ. ಮಾವ ದಿನಾ ಅಂಚೆಯವನ ಹಾದಿ ಕಾಯುವುದು, ಅತ್ತೆ ಹರಕೆ ಹೊರುವುದು, ಇಬ್ಬರೂ ಸೇರಿ ಕಾಶವ್ವನ ಬಾಯಿ ಜೋರಾಯಿತೆಂದು ನನ್ನನ್ನು ದೂರುವುದು. ಎಲ್ಲ ನಾನೇ ಕಲಿಸಿಕೊಟ್ಟದ್ದಂತೆ! ಕಾಶವ್ವ ಮಾತ್ರ ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು.

ನರಕ ಚತುರ್ದಶಿಯ ಬೆಳಿಗ್ಗೆ, ಎಣ್ಣೆ ಹಚ್ಚಿಕೊಂಡು ನಲ್ಲಿಯ ಸಾಲಿನಲ್ಲಿ ನಿಂತಿದ್ದೆವು. ಚಾಳಿನ ಬಾಗಿಲಲ್ಲಿ ಶಂಕ್ರೆಪ್ಪ ಕಾಣಿಸಿಕೊಂಡ. ಕೈಯಲ್ಲಿ ಚೀಲ, ಮುಖದಲ್ಲಿ ತಪ್ಪು ಮಾಡಿದವನ ಕಳೆ. ಮಾವನಿಗೂ ಅತ್ತೆಗೂ ಅವನು ಕೈ ಮುಗಿಯಲಿಲ್ಲ. ಸೀದಾ ಕಾಶವ್ವನ ಮುಂದೆ ಬಂದು ನಿಂತ.

"ಕರಿಯಾಕ ಬಂದೀನಿ," ಎಂದ.

ಕಾಶವ್ವ ಕೊಡವನ್ನು ನನ್ನ ಕೈಗೆ ಕೊಟ್ಟಳು. ಮನೆಗೆ ಹೋಗಿ ಕತ್ತರಿ ತಂದಳು. ಎಣ್ಣೆ ಸುರಿಯುವ ತಲೆಯಲ್ಲೇ ಗಾಡಿಯ ಬಾಗಿಲು ತೆಗೆದು, ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ ಕತ್ತರಿ ಹಾಕಿದಳು.

"ನಿಧಾನಕ್ಕ! ನಿಧಾನಕ್ಕ!" ಎಂದು ಕೂಗುತ್ತ ಮಾವ ಇನ್ನೊಂದು ಬಾಗಿಲಿನಿಂದ ಒಳಗೆ ನುಗ್ಗಿದರು. ಅಷ್ಟರಲ್ಲಿ ಹಸಿರು ಖಣ ಅವಳ ಕೈಗೆ ಬಂತು. ಅದನ್ನು ಹಿಡಿದು ನಿಂತಿದ್ದ ಹಿಂದಿನ ತಂತಿಯೂ ಬಂತು, ತಂತಿಯ ಹಿಂದೆ ಬಾದಾಮಿಯ ಗೌರವ್ವ, ಸವದತ್ತಿಯ ಮುದುಕಿ, ಅತ್ತೆಯ ಟ್ರಂಕಿನ ಅರ್ಧ ಸಂಸಾರ ಧೊಪ್ಪನೆ ಮಾವನ ತಲೆಯ ಮೇಲೆ ಬಿತ್ತು.

"ಅಯ್ಯಯ್ಯೋ ನನ್ನ ಗಾಡಿ!" ಎಂದು ಖಣಗಳ ಒಳಗಿನಿಂದ ದನಿ ಬಂತು. "ಚನ್ನವ್ವ! ಏ ಚನ್ನವ್ವ! ಸೂಜಿ ದಾರ ತಗೊಂಡು ಬಾ!"

ಕಾಶವ್ವ ಖಣವನ್ನು ಎದೆಗೊತ್ತಿಕೊಂಡು ಸೀಟಿನ ಮೇಲೆ ಕುಸಿದು ಕೂತಳು. ನಗುತ್ತಿದ್ದಳು. ಕೂಸು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗುನಗುತ್ತಲೇ ಅಳು ಬಂತು ಅವಳಿಗೆ, ಬಾಗಿಲಲ್ಲಿ ನಿಂತಿದ್ದ ಶಂಕ್ರೆಪ್ಪ ಏನು ಮಾಡಬೇಕೆಂದು ತಿಳಿಯದೆ ಕತ್ತರಿಯನ್ನು ಅವಳ ಕೈಯಿಂದ ತೆಗೆದು ಹಿಡಿದುಕೊಂಡ.

"ಚನ್ನವ್ವ, ಕೇಳಸ್ತೇನ ನಿನಗ?"

ಕೇಳಿಸಿತ್ತು. ನಾನು ಎರಡೂ ಕೊಡಗಳನ್ನು ನಲ್ಲಿಯ ಕೆಳಗೆ ಇಟ್ಟೆ. ಕುಬಸ ಹೊಲಿಯಲು ಶೀಲಾವತಿಯ ಮಿಶಿನ್ ಅಂದೇ ತಂದೆ. ಗಾಡಿಯ ಮಾಡಿಗೆ ಮಾತ್ರ ಮತ್ತೆ ಕೈ ಹಚ್ಚಲಿಲ್ಲ.